ಮಂಡ್ಯದ ಬೆಲ್ಲದಲ್ಲಿ ಬ್ರೌನ್ ಬೆಟ್ಟಿ

ಉಳಿದ ಬ್ರೆಡ್ಡನ್ನು ಎಸೆಯಲು ಮನಸ್ಸು ಬಾರದ ಅಮೆರಿಕದ ಗೃಹಿಣಿಯರು ಹತ್ತೊಂಬತ್ತನೆಯ ಶತಮಾನದಲ್ಲೇ ರೂಢಿಸಿಕೊಂಡಿದ್ದ ಸಿಹಿ ತಿನಿಸು ಬ್ರೌನ್ ಬೆಟ್ಟಿ. ಸೇಬಿನ ಹೋಳು, ಬೆಣ್ಣೆಯಲ್ಲಿ ಕಲಸಿದ ಬ್ರೆಡ್ ಪುಡಿ, ಮತ್ತೆ ಸೇಬು ಹೀಗೆ ಪದರಪದರವಾಗಿ ಜೋಡಿಸಿ ಬೇಯಿಸಿದರಾಯಿತು. ಹಿಟ್ಟಿನ ಹಾಳೆಯಲ್ಲಿ ಹಣ್ಣು ತುಂಬಿ ಬೇಯಿಸುವ ‘ಪೈ’ಗಾಗಿ ಹಿಟ್ಟು ಲಟ್ಟಿಸುವಂತಹ ಶ್ರಮ ಇದರಲ್ಲಿಲ್ಲ.

ಶ್ರಾವಣ ಕಳೆಯುವ ಹೊತ್ತಿಗೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹಿಮಾಚಲದ ಸೇಬು ಬರುತ್ತದೆ. ಅಲ್ಲಿಯೇ ನೆಲೆಸಿದ್ದ ಅಮೆರಿಕನ್ನರಾದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಅಮೆರಿಕದಿಂದ ತರಿಸಿ ಶಿಮ್ಲಾ ಬಳಿಯ ಕೋಟ್‌ಗಢದ ಸೀಮೆಯಲ್ಲಿ ನೆಟ್ಟ ರೆಡ್ ಡೆಲಿಶಿಯಸ್ ತಳಿಯೇ ಅಲ್ಲಿನ ತೋಟಗಳಲ್ಲಿ ಹಬ್ಬಿದ್ದು. ಹಾಗೆಯೇ ತಿನ್ನಲು ಸೊಗಸಾದ ಆ ಹಣ್ಣಿನಲ್ಲಿ ಹುಳಿ ಕಡಿಮೆ, ಬೆಂದರೆ ಬೇಗ ಮೆತ್ತಗಾಗುತ್ತದೆ. ಮೊದಲ ಸಲ ಅದೊಂದನ್ನೇ ಬಳಸಿದಾಗ ನನಗೆ ಸಿಕ್ಕಿದ್ದು ಬರಿಯ ಸಿಹಿ ಮುದ್ದೆ. ಈಗ ಒಂದು ಕಿಲೋ ಹಣ್ಣಿನಲ್ಲಿ ಅರ್ಧದಷ್ಟು ಗ್ರಾನಿ ಸ್ಮಿತ್ ಎಂಬ ಹುಳಿಯಾದ ಹಸಿರು ಸೇಬು ಸೇರಿಸಿ, ಮೇಲೆ ಒಂದು ನಿಂಬೆಹಣ್ಣಿನ ರಸ ಹಿಂಡುತ್ತೇನೆ.

ಬ್ರೆಡ್ ಎರಡು ದಿನ ಹಳೆಯದಾಗಿರಬೇಕು. ಹೊಸದು ರಸ ಹೀರಿ ಅಂಟಾಗುತ್ತದೆ. ಅಯ್ಯಂಗಾರ್ ಬೇಕರಿಯ ಬ್ರೆಡ್ಡನ್ನು ಕೈಯಲ್ಲೇ ತರಿತರಿಯಾಗಿ ಉದುರಿಸಿದ 200 ಗ್ರಾಂ ಪುಡಿಗೆ 80 ಗ್ರಾಂ ಕರಗಿದ ಬೆಣ್ಣೆ ಹಾಕಿ, ಪ್ರತಿ ತರಿಗೂ ಬೆಣ್ಣೆ ಹತ್ತುವಂತೆ ಬೆರಳ ತುದಿಯಲ್ಲಿ ಕಲಸಬೇಕು. ಮೂಲದಲ್ಲಿ ಬಳಸುವ ಕಂದು ಸಕ್ಕರೆಯ ಬದಲು ನಾನು ಮಂಡ್ಯದ ಅಚ್ಚು ಬೆಲ್ಲವನ್ನು 120 ಗ್ರಾಂನಷ್ಟು ಹೆರೆದು, ಚಕ್ಕೆ ಪುಡಿಯೊಡನೆ ಪದರಗಳ ನಡುವೆ ಉದುರಿಸುತ್ತೇನೆ. ಸಿಹಿ ಅಡುಗೆ ಯಾವುದಾದರೂ "ಒಂದು ಚಿಟಿಕೆ ಉಪ್ಪು ಹಾಕಮ್ಮ" ಎನ್ನುವ ನಮ್ಮ ಅತ್ತೆಯವರ ಮಾತು ಇಲ್ಲಿಯೂ ಸರಿ. ಉಪ್ಪು ಬಿದ್ದರೆ ಬೆಲ್ಲದ ರುಚಿ ಎದ್ದು ಬರುತ್ತದೆ.

ತಳಕ್ಕೆ ತೆಳ್ಳಗೆ ಪುಡಿ ಹರಡಿ ಆರಂಭಿಸಿ, ಮೇಲಿನ ಪದರವೂ ಪುಡಿಯದೇ ಆಗುವಂತೆ ಜೋಡಿಸಿ, ಬದಿಯಿಂದ ಕಾಲು ಲೋಟ ನೀರು ಬಿಟ್ಟು, ತಟ್ಟೆಯನ್ನು ಅಲ್ಯುಮಿನಿಯಂ ಹಾಳೆಯಿಂದ ಮುಚ್ಚಿ ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಬೇಯಿಸಬೇಕು. ಸೇಬು ಬೇಯುವುದು ಈ ಹಬೆಯಲ್ಲಿಯೇ. ಮುಚ್ಚದೆ ಇಟ್ಟರೆ ಹಣ್ಣು ಮೆತ್ತಗಾಗುವ ಮೊದಲೇ ಮೇಲಿನ ಪುಡಿ ಸೀಯುತ್ತದೆ. ಆಮೇಲೆ ಹಾಳೆ ತೆಗೆದು ಮತ್ತೆ ಇಪ್ಪತ್ತು ನಿಮಿಷ ಬಿಟ್ಟಾಗ, ಅಂಚಿನಲ್ಲಿ ಬೆಲ್ಲದ ರಸ ಗುಳ್ಳೆಗುಳ್ಳೆಯಾಗಿ ಉಕ್ಕಿ ಪಾಕದಂತೆ ಕಪ್ಪಾಗತೊಡಗುತ್ತದೆ. ಆ ಅಂಚಿನ ತುಣುಕಿಗಾಗಿ ನಮ್ಮ ಮನೆಯಲ್ಲಿ ಮಕ್ಕಳು ಮೊದಲೇ ಬಟ್ಟಲು ಹಿಡಿದು ನಿಂತಿರುತ್ತಾರೆ.