ಸುಟ್ಟಮೇಲೂ ಕೂಡಿಟ್ಟವರು

ನಮ್ಮೂರ ಭಜನಾ ಮಂಡಳಿಯ ಹಳೇ ಪುಸ್ತಕಕ್ಕೆ ಗೆದ್ದಲು ಹಿಡಿದಿತ್ತು. ಅಜ್ಜ ಬರೆದ ಹಾಳೆ ಮುಟ್ಟಿದರೆ ಸಾಕು, ಬೆರಳಿಗೆ ಬರೀ ಪುಡಿ. ಆವತ್ತಿನಿಂದ ಹಳೇ ಕಾಗದ ಕಾಪಾಡುವವರು ಅಂದರೆ ನನಗೆ ಜಾಸ್ತಿ ಗೌರವ.

ಬ್ಯಾಪ್ಟಿಸ್ಟರು ಅಂದರೆ ಕ್ರೈಸ್ತರ ಒಂದು ಪಂಗಡ. ಅವರ ಹಳೇ ಕಾಗದಪತ್ರ ಕಾಪಾಡುವ ಅಮೆರಿಕನ್ ಬ್ಯಾಪ್ಟಿಸ್ಟ್ ಹಿಸ್ಟಾರಿಕಲ್ ಸೊಸೈಟಿ ಶುರುವಾಗಿದ್ದು 1853ರಲ್ಲಿ. ಫಿಲಡೆಲ್ಫಿಯಾದಲ್ಲಿ ಪುಸ್ತಕ, ಕರಪತ್ರ, ಕೈಬರಹ ಎಲ್ಲ ಕೂಡಿಟ್ಟರು. 1896ರಲ್ಲಿ ಬೆಂಕಿ ಬಿದ್ದು ಬಹುಪಾಲು ಹೋಯಿತು. 43 ವರ್ಷದ ದುಡಿಮೆ! ಓದುವಾಗ ಹೊಟ್ಟೆ ಚುರ್ ಅಂತು. ಆದರೂ ಅವರು ಕೈಬಿಡಲಿಲ್ಲ, ಮತ್ತೆ ಕೂಡಿಸಿದರು.

ಇತ್ತ ಸೋಪಿನ ವ್ಯಾಪಾರದ ಮನೆತನದ ಸ್ಯಾಮ್ಯುಯೆಲ್ ಕೋಲ್ಗೇಟ್ (ಹೌದು, ನಮ್ಮ ಬಚ್ಚಲುಮನೆಯ ಅದೇ ಹೆಸರು) ಬ್ಯಾಪ್ಟಿಸ್ಟ್ ಸಭೆಗಳ (ಅಂದರೆ ಚರ್ಚುಗಳ) ವಾರ್ಷಿಕ ವರದಿಗಳನ್ನು ಗುಡ್ಡೆ ಹಾಕುತ್ತಿದ್ದರು. ಸುಮ್ನೆ ಎಸೆಯುವಂಥ ಕಾಗದ, ಅಲ್ವಾ? ಊರೂರಿನ ಸಣ್ಣ ಸಭೆಗಳ ಕತೆ ಉಳಿಯುವುದೇ ಅದರಲ್ಲಿ. 1955ರಲ್ಲಿ ಆ ಸಂಗ್ರಹವೂ ಸೊಸೈಟಿಯ ಜೊತೆ ಒಂದಾಯಿತು. 2008ರಲ್ಲಿ ಎಲ್ಲ ಮರ್ಸರ್ ವಿಶ್ವವಿದ್ಯಾಲಯದ ಅಟ್ಲಾಂಟಾ ಕ್ಯಾಂಪಸ್ಸಿಗೆ ಬಂತು.

ಬ್ಯಾಪ್ಟಿಸ್ಟರ ಕಾಗದದ ಋಣ ನಮಗೂ ಇದೆ. ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು.

ಮಂಡಳಿಯ ಪುಸ್ತಕದಲ್ಲಿ ಹನ್ನೊಂದು ಹಾಳೆ ಉಳಿದಿವೆ. ನಿನ್ನೆ ಒಂದೊಂದನ್ನೂ ಬಿಸಿಲಿಗಿಟ್ಟು ಫೋಟೋ ತೆಗೆದೆ.