ಅಗಳದಾಚೆಯ 20 ಗುಂಟೆ

ಶಿರಸಿಯಿಂದ ಚಿಕ್ಕಪ್ಪ ಫೋನ್ ಮಾಡಿದ್ದ. ನಮ್ಮ ತೋಟದಂಚಿನ ಕಂದಕ, ಅಂದರೆ ಅಗಳದಾಚೆಯ 20 ಗುಂಟೆ ಅಡಿಕೆ ತೋಟ ಮಾರಾಟಕ್ಕಿದೆಯಂತೆ. "ತಮಾ, ನೀನೇ ತಗಂಬಿಡು."

ತಗೊಳ್ಳೋ ಹಾಗಿಲ್ಲ. ನನ್ನದು ಕೆನಡಾ ಪಾಸ್‌ಪೋರ್ಟ್, ಜೊತೆಗೊಂದು ಓಸಿಐ ಕಾರ್ಡ್, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವಂಥದ್ದು. ವಿದೇಶಿ ವಿನಿಮಯದ ಕಾಯ್ದೆ ಫೆಮಾದ ನಿಯಮದಂತೆ ಬೆಂಗಳೂರಲ್ಲಿ ಫ್ಲ್ಯಾಟ್ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಇಲ್ಲ. ಅಪ್ಪಯ್ಯನ ತೋಟ ವಾರಸಾಗಿ ಬಂದಿದ್ದು, ಅದಕ್ಕೆ ಅಡ್ಡಿಯಿಲ್ಲ. ಕರ್ನಾಟಕದ ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ, ಅಡಿಕೆ ಕೊನೆ ಇಳಿಸುವ ಕೊನೆಗೌಡ ಅಂದರೆ ಯಾರೆಂದೇ ಗೊತ್ತಿಲ್ಲದ ಬೆಂಗಳೂರಿನವನೂ ತೋಟ ಕೊಳ್ಳಬಹುದು. ಅಂಗಳದಲ್ಲಿ ರಾತ್ರಿಯೆಲ್ಲ ಕೂತು ಅಡಿಕೆ ಸುಲಿದ ನಾನು ಪರಕೀಯ!

ಸಿಟ್ಟು ಬಂತು. ಆದರೆ 2023ರಲ್ಲಿ ಕೆನಡಾ ವಿದೇಶಿಯರ ಮನೆ ಖರೀದಿಗೆ ತಡೆ ಹಾಕಿದಾಗ ಟೊರಾಂಟೊದ ಅಡುಗೆಮನೆಯಲ್ಲಿ ಕೂತು "ಸರಿಯಾಗೇ ಮಾಡಿದರು" ಅಂದವನೂ ನಾನೇ. ಡಾಲರ್ ಹಿಡಿದು ಬಂದವನೆದುರು ಊರಲ್ಲೇ ಉಳಿದ ಹುಡುಗನ ಚೌಕಾಸಿ ನಡೆದೀತೇ?

ಚಿಕ್ಕಪ್ಪನಿಗೆ ಇದೆಲ್ಲ ಹೇಳಲಿಲ್ಲ. ಅಗಳದ ನೀರಿಗೆ ಜಗಳ ತೆಗೆಯದವರು ಯಾರಾದರೂ ಕೊಂಡರೆ ಸಾಕು ಅಂದೆ.