ಮೆತ್ತಗೆ ನುಡಿಸೋದು ಯಾವಾಗ ಬರುತ್ತೆ?

ಮೆಟಲ್ ಎಂಬ ಜೋರು ರಾಕ್ ಸಂಗೀತ ಕೇಳಲು ಸೇರುವ, ಮೈಸೂರಿನ ಸರಸ್ವತಿಪುರಂನ ಆ ಮಹಡಿ ಕೋಣೆಗೆ ಭಾನುವಾರ ಕೆಳಗಿನ ಮನೆಯ ಪಿಟೀಲು ಮೇಷ್ಟ್ರು ಬಂದು ಹತ್ತು ನಿಮಿಷ ಕೂತು ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ಮೆತ್ತಗೆ ನುಡಿಸೋದು ಯಾವಾಗ ಬರುತ್ತಪ್ಪಾ?" ಸ್ಪೀಕರ್ ತಂದಿದ್ದ ಕಾಲೇಜು ಹುಡುಗ ಥಟ್ಟನೆ, "ಇದು ಮೆಟಲ್ ಸಾರ್, ಮೆತ್ತಗೆ ಇರಲ್ಲ" ಅಂದುಬಿಟ್ಟ. "ಹಾಗೋ" ಅಂತ ಮೇಷ್ಟ್ರು ಎದ್ದು ಮೆಟ್ಟಿಲಿಳಿದರು.

ಆ ಉತ್ತರ ಈ ವಾರವೆಲ್ಲ ಚುಚ್ಚುತ್ತಲೇ ಇದೆ. ಯಾಕೆಂದರೆ ಆಗ ಓಡುತ್ತಿದ್ದದ್ದು ಸ್ವೀಡನ್ನಿನ ಮೆಟಲ್ ತಂಡ ಒಪೆತ್‌ನ ಆಲ್ಬಮ್ 'ದಿ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್'. 2008ರ 'ವಾಟರ್‌ಶೆಡ್' ಆದ ಮೇಲೆ ತಂಡದ ಹಾಡುಗಾರ ಮಿಕಾಯೆಲ್ ಓಕರ್‌ಫೆಲ್ಟ್ ಆಲ್ಬಮ್‌ನಲ್ಲಿ ಮತ್ತೆ ಗಂಟಲಿನಿಂದ ಗರ್ಜಿಸುತ್ತ ಹಾಡಿದ್ದು 2024ರ ನವೆಂಬರ್‌ನಲ್ಲಿ ಬಂದ ಇದರಲ್ಲೇ, ಹಾಗಾಗಿ ಎಲ್ಲರೂ ಮಾತಾಡಿದ್ದು ಗರ್ಜನೆಯ ಬಗ್ಗೆ. ಆದರೆ ಬ್ರಿಟನ್ನಿನ ರಾಕ್ ತಂಡ ಜೆಥ್ರೊ ಟಲ್‌ನ ಇಯಾನ್ ಆಂಡರ್ಸನ್ ನುಡಿಸಿದ ಕೊಳಲೂ ಇದರಲ್ಲಿದೆ, ತಂತಿವಾದ್ಯಗಳ ವೃಂದವೂ ಇದೆ. ಕೊನೆಯ ಹಾಡಿನಲ್ಲಿ ಗರ್ಜನೆಯೇ ಇಲ್ಲ. ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಆಲ್ಬಮ್‌ನೊಳಗೇ ಇತ್ತು. ನಡುವೆ ನುಂಗಿದ್ದು ಆ ಡಬ್ಬ ಸ್ಪೀಕರ್ ಮತ್ತು ಫೋನಿನೊಳಗಿನ ಮೂರು ಸ್ವಿಚ್ಚು.

ಸ್ಪಾಟಿಫೈನಲ್ಲಿ ವಾಲ್ಯೂಮ್ ಲೆವೆಲ್ 'ಲೌಡ್' ಅಂತ ಇತ್ತು. 'ಕ್ವೈಟ್' ಅಂದರೆ ಮೈನಸ್ 19 ಎಲ್‌ಯುಎಫ್‌ಎಸ್, 'ನಾರ್ಮಲ್' ಅಂದರೆ ಮೈನಸ್ 14, 'ಲೌಡ್' ಅಂದರೆ ಮೈನಸ್ 11. ಎಲ್‌ಯುಎಫ್‌ಎಸ್ ಅಂದರೆ ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನಿಸುತ್ತದೆ ಎನ್ನುವ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಅದಕ್ಕಿಂತ ಮೆತ್ತಗಿರುವ ಹಾಡನ್ನು 'ಲೌಡ್' ಮಟ್ಟಕ್ಕೆ ಏರಿಸುವಾಗ ದನಿ ಒಡೆಯದಿರಲಿ ಅಂತ ಒಂದು ಲಿಮಿಟರ್ ಬಂದು ಕೂರುತ್ತದೆ. ಅದು ಡ್ರಮ್ಮಿನ ಏಟಿನ ತಲೆ ಸವರುತ್ತದೆ. ಮೆತ್ತಗಿನದು ಮೇಲೆ ಬರುತ್ತದೆ, ಜೋರಿನದು ಇದ್ದಲ್ಲೇ ಇರುತ್ತದೆ, ನಡುವಿನ ಅಂತರ ಕರಗುತ್ತದೆ. ಇದು ಸಾಲದು ಅಂತ ಫೋನಿನ ಈಕ್ವಲೈಸರ್‌ನಲ್ಲಿ ತಗ್ಗಿನ ದನಿ ಹೆಚ್ಚಿಸುವ ಬಾಸ್ ಬೂಸ್ಟ್. ಪುಟ್ಟ ಸ್ಪೀಕರ್ ಪೂರ್ತಿ ವಾಲ್ಯೂಮಿನಲ್ಲಿದ್ದಾಗ ತನ್ನನ್ನು ತಾನು ಕಾಪಾಡಿಕೊಳ್ಳಲು ಇನ್ನೊಮ್ಮೆ ಅದುಮುತ್ತದೆ. ಮೂರು ಸಲ ಹಿಂಡಿದ ಮೇಲೆ ಕೊಳಲೂ ಗಿಟಾರೂ ಒಂದೇ ಎತ್ತರ.

ಗಿಟಾರಿನ ವಿಷಯವೂ ಇದೆ. ಮೆಟಲ್‌ನಲ್ಲಿ ರಿದಮ್ ಗಿಟಾರನ್ನು ಸಾಮಾನ್ಯವಾಗಿ ಎರಡು ಸಲ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಕೂರಿಸುತ್ತಾರೆ. ದನಿಯ ಗೋಡೆ ಏಳುವುದು ಆ ಎರಡರ ಸಣ್ಣಪುಟ್ಟ ವ್ಯತ್ಯಾಸದಿಂದ. ಒಂದೇ ಡಬ್ಬದಲ್ಲಿ ಎರಡನ್ನೂ ಕಲಸಿದರೆ ಸೊಳ್ಳೆ ಗುಂಯ್ ಅಂದಂತೆ ಕೇಳುತ್ತದೆ. ಬಾಸ್ ಗಿಟಾರಿನ ಎಲ್ಲಕ್ಕಿಂತ ತಗ್ಗಿನ ಇ ತಂತಿ 41 ಹರ್ಟ್ಸ್, ಅಂಗೈಯಗಲದ ಸ್ಪೀಕರಿಗೆ ಅದು ಎಟುಕುವುದಿಲ್ಲ.

ಮೂರನೆಯ ಸ್ವಿಚ್ಚು ಕ್ರಾಸ್‌ಫೇಡ್, ಒಂದು ಹಾಡು ಮುಗಿಯುವ ಮೊದಲೇ ಅದರ ಮೇಲೆ ಮುಂದಿನದನ್ನು ಶುರು ಮಾಡುವಂಥದ್ದು. ಈ ಆಲ್ಬಮ್ ಒಬ್ಬ ಶ್ರೀಮಂತ ಯಜಮಾನ ಸತ್ತ ಮೇಲೆ ಮಕ್ಕಳ ಮುಂದೆ ಉಯಿಲು ಓದುವ ಕಥೆ. ಮೊದಲ ಏಳು ಹಾಡಿಗೆ ಹೆಸರಿಲ್ಲ, ದಸ್ತಾವೇಜಿನಲ್ಲಿ ಇರುವಂತೆ ಪ್ಯಾರಾ ಒಂದು, ಪ್ಯಾರಾ ಎರಡು ಅಷ್ಟೇ. ಎಂಟನೆಯದಕ್ಕೆ ಮಾತ್ರ ಹೆಸರು. ಪಾಲು ಪತ್ರ ಓದುವಾಗ ಅಂಗಳದಲ್ಲಿ ಹೇಗೆ ಉಸಿರು ಬಿಗಿಹಿಡಿದು ಕೂತಿರುತ್ತಾರೆ ಅಂತ ಮಂಡ್ಯ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಒಂದು ಪ್ಯಾರಾದ ಕೊನೆಯ ಎಂಟು ಸೆಕೆಂಡಿನ ಮೇಲೆ ಮುಂದಿನ ಪ್ಯಾರಾ ಹತ್ತಿ ಕೂತರೆ ಕಥೆ ಉಳಿಯುತ್ತದೆಯೇ?

ಹುಡುಗನ ಕಿವಿ ಒಳ್ಳೆಯದು. ಏಳು ಎಣಿಕೆಯ 7/8 ತಾಳದ ಲೆಕ್ಕ ಬೆರಳಲ್ಲೇ ಹಿಡಿಯುತ್ತಾನೆ. ಅವಸರ ಮಾತ್ರ ವಿಪರೀತ. ಆಲ್ಬಮ್ ಬಂದ ರಾತ್ರಿಯೇ, ಬಸ್ಸಿನಲ್ಲಿ ಒಂದು ಕಿವಿಗೆ ಇಯರ್‌ಬಡ್ ಹಾಕಿಕೊಂಡು ಕೇಳಿ, "ಬೆಂಕಿ" ಅಥವಾ "ವೇಸ್ಟ್" ಅಂತ ತೀರ್ಪು ಕೊಡುತ್ತಾನೆ. ಅದೇ ಕೋಣೆಯ ಇನ್ನೊಬ್ಬರು ಇದಕ್ಕೆ ತದ್ವಿರುದ್ಧ: 1991ರ ನಂತರ ಬಂದದ್ದೆಲ್ಲ ಗದ್ದಲ ಅನ್ನುವವರು, ಕೇಳುವ ಮೊದಲೇ. ಇಬ್ಬರಲ್ಲಿ ಹುಡುಗನೇ ವಾಸಿ, ಅವನು ಕೇಳಿಯಾದರೂ ತಪ್ಪುತ್ತಾನೆ.

ಜೋರು ತಪ್ಪಲ್ಲ. ತಿರುಮಕೂಡಲಿನಿಂದ ಬಂದ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದೇ ಮೈಕಿಲ್ಲದ ಸಭೆಯ ಹಿಂದಿನ ಸಾಲಿಗೂ ದನಿ ತಲುಪಲಿ ಅಂತ. ಆದರೆ ಅವರು ದನಿಯ ಚಾವಣಿಯನ್ನು ಎತ್ತರಿಸಿದರು, ನೆಲ ಇದ್ದಲ್ಲೇ ಇತ್ತು. ಧ್ವನಿಮುದ್ರಣವನ್ನು ಹಿಂಡಿ ಜೋರು ಮಾಡುವ ಚಾಳಿ ಇದರ ತಿರುಗುಮುರುಗು: ನೆಲವನ್ನೇ ಚಾವಣಿಗೆ ಅಂಟಿಸುತ್ತದೆ. 2008ರಲ್ಲಿ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಬಂದಾಗ ಅಭಿಮಾನಿಗಳೇ ಇದನ್ನು ಹಿಡಿದರು. ಗಿಟಾರ್ ಹೀರೋ ವಿಡಿಯೋ ಗೇಮಿಗೆ ಕೊಟ್ಟ ಅದೇ ಹಾಡುಗಳು ಅಷ್ಟು ಹಿಂಡಿಲ್ಲದೆ ಇದ್ದವು, ಡ್ರಮ್ ಅಲ್ಲಿ ಉಸಿರಾಡುತ್ತಿತ್ತು. ದುಡ್ಡು ಕೊಟ್ಟು ತಂದ ಸಿಡಿಗಿಂತ ಆಟದೊಳಗಿನ ಹಾಡು ಚೆಂದ! ಆ ಸಿಟ್ಟು ಪೂರ್ತಿ ನ್ಯಾಯವಾದದ್ದು.

ಗುರುವಾರ ಸಂಜೆ ಅಟ್ಟದಿಂದ ಹಳೆಯ ಆಂಪ್ಲಿಫೈಯರ್, ಎರಡು ಮರದ ಸ್ಪೀಕರ್ ಇಳಿದವು. ಫೋನಿನಿಂದ ವೈರು, ಬ್ಲೂಟೂತ್ ಇಲ್ಲ. ವಾಲ್ಯೂಮ್ ಲೆವೆಲ್ 'ನಾರ್ಮಲ್', ಈಕ್ವಲೈಸರ್ ಆಫ್, ಕ್ರಾಸ್‌ಫೇಡ್ ಸೊನ್ನೆ. ಸ್ಪೀಕರುಗಳ ನಡುವೆ ಆರಡಿ, ಕೂರುವ ಜಾಗಕ್ಕೂ ಅಷ್ಟೇ ದೂರ, ಗೋಡೆಯಿಂದ ಒಂದಡಿ ಮುಂದೆ. ಹಾಕಿದರೆ ಬಾಸೇ ಇಲ್ಲ! ಹಾಡುಗಾರ ಎಲ್ಲಿ ನಿಂತಿದ್ದಾನೆಂದೂ ಗೊತ್ತಾಗದು. ಒಂದು ಸ್ಪೀಕರಿಗೆ ಕೆಂಪು, ಕಪ್ಪು ವೈರು ಅದಲುಬದಲಾಗಿತ್ತು. ಒಂದು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದು, ತಗ್ಗಿನ ದನಿಗಳು ಒಂದನ್ನೊಂದು ಅಳಿಸಿಹಾಕುತ್ತಿದ್ದವು. ಆಂಪ್ಲಿಫೈಯರ್ ಆರಿಸಿ, ಆ ವೈರನ್ನು ತಿರುಗಿಸಿ ಹಾಕಿದ್ದೇ ಬಾಸ್ ನೆಲಕ್ಕೆ ಇಳಿಯಿತು.

ಹುಡುಗ ತಾನೇ ಕೆಳಗೆ ಹೋಗಿ ಮೇಷ್ಟ್ರನ್ನು ಕರೆದುಕೊಂಡು ಬಂದ. ಅದು ದೊಡ್ಡದು, ಭಾನುವಾರದ ಒರಟನ್ನು ಅಷ್ಟಕ್ಕೇ ಮರೆಯಬಹುದು. ಪ್ಯಾರಾ ಒಂದರಿಂದ ಶುರು. ಮೇಷ್ಟ್ರು ಕಣ್ಣು ಮುಚ್ಚಿ ಕೂತರು. ನಾಲ್ಕನೆಯದರಲ್ಲಿ ಕೊಳಲು ಬಂದಾಗ ಕಣ್ಣು ತೆರೆದು ಬಲಗಡೆಯ ಸ್ಪೀಕರ್ ನೋಡಿ, ಆಮೇಲೆ ಹುಡುಗನ ಮುಖ ನೋಡಿದರು. ಹುಡುಗ ನೆಲ ನೋಡುತ್ತಿದ್ದ. ಮತ್ತೆ ಗರ್ಜನೆ ಎದ್ದಾಗ ಮೇಷ್ಟ್ರ ಹುಬ್ಬು ಗಂಟಿಕ್ಕಿತು. ಸುಮಾರು 50 ನಿಮಿಷ ಮುಗಿದ ಮೇಲೆ, "ಆ ಗಂಟಲು ನನಗೆ ಒಗ್ಗಲ್ಲಪ್ಪಾ. ಆದ್ರೆ ಅದು ನಿಂತಾಗ ಆಗೋ ನಿಶ್ಶಬ್ದ ಇದೆಯಲ್ಲ, ಅದು ಗಂಟಲು ಇಲ್ಲದಿದ್ರೆ ಬರ್ತಿರ್ಲಿಲ್ಲ" ಅಂದರು. ಹುಡುಗ ನಾಲ್ಕನೆಯ ಪ್ಯಾರಾವನ್ನು ಇನ್ನೊಮ್ಮೆ ಹಾಕಿದ.